ಬೆಂಕಿಯಿಲ್ಲದ ಬೆಟ್ಟ

ಹವಾಯಿಯ ಹಾಲೆಯಕಲಾ ರಾಷ್ಟ್ರೀಯ ಉದ್ಯಾನವನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. 3,055 ಮೀಟರ್ ಎತ್ತರದ ಜ್ವಾಲಾಮುಖಿ. ಕಾಲ ಕೆಳಗೆ ಮೋಡ, ಮೈ ಕೊರೆಯುವ ಚಳಿ, ಲೋಕದಲ್ಲಿ ಬೇರೆಲ್ಲೂ ಇಲ್ಲದ ಗಿಡ, ಹಕ್ಕಿಗಳು. ಇಂಥದ್ದನ್ನು ನೋಡಲು ವಿಮಾನವನ್ನೇ ಹತ್ತಬೇಕೆಂದಿಲ್ಲ. ರಾತ್ರಿ ಚೆನ್ನೈ ಸೆಂಟ್ರಲ್‌ನಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮೇಟ್ಟುಪಾಳಯಂ. ಅಲ್ಲಿಂದ ಘಟ್ಟ ಏರಿದರೆ ಊಟಿ. ಊಟಿಯ ಪಶ್ಚಿಮಕ್ಕೆ, ಕೇರಳದ ಗಡಿಗೆ ಅಂಟಿಕೊಂಡು 78.46 ಚದರ ಕಿಲೋಮೀಟರ್ ಹರಡಿದೆ ಮುಕೂರ್ತಿ ರಾಷ್ಟ್ರೀಯ ಉದ್ಯಾನ.

ಮುಕೂರ್ತಿ ಶಿಖರದ ಚೂಪು ಮೂತಿ ಕಂಡವರಿಗೆ ಇದೂ ಒಂದು ಜ್ವಾಲಾಮುಖಿಯೇ ಇರಬೇಕೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲ. ಕನ್ನಡ ನಾಡಿನಲ್ಲಿ ಲಾವಾ ಹರಿದು ಹೆಪ್ಪುಗಟ್ಟಿದ ಕಲ್ಲು ಬೇಕೆಂದರೆ ಬೀದರ್, ವಿಜಯಪುರದ ಕಡೆ ಹೋಗಬೇಕು. ಅದಕ್ಕೆ ಸುಮಾರು ಆರೂವರೆ ಕೋಟಿ ವರ್ಷ. ನೀಲಗಿರಿಯ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ಸುಮಾರು 250 ಕೋಟಿ ವರ್ಷದ್ದು. ನೆಲದ ಬಹು ಆಳದಲ್ಲಿ ಬೆಂದು ಗಟ್ಟಿಯಾಗಿ, ಆಮೇಲೆ ಮೇಲಕ್ಕೆದ್ದದ್ದು. ಹೆಸರು ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಕ್‌ನ ಗೋರಿಕಲ್ಲನ್ನು ನೋಡಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಇಟ್ಟ ಹೆಸರದು. ಆ ಗೋರಿಕಲ್ಲು ಹೋದದ್ದು ಎಲ್ಲಿಂದ ಗೊತ್ತೆ? ನಮ್ಮ ಪಲ್ಲಾವರಂ, ಸೇಂಟ್ ಥಾಮಸ್ ಮೌಂಟ್ ಕಡೆಯಿಂದ! ವಿಮಾನ ನಿಲ್ದಾಣದ ಪಕ್ಕ ನೀವು ದಿನಾ ದಾಟುವ ಆ ಗುಡ್ಡಗಳೂ ಮುಕೂರ್ತಿಯೂ ಒಂದೇ ಜಾತಿಯ ಕಲ್ಲು.

ಅಲ್ಲಿನ ಹೆಸರುಗಳನ್ನು ಕೇಳಿ ನೋಡಿ. ದೊಡ್ಡಬೆಟ್ಟ, ಕೊಲ್ಲರಿಬೆಟ್ಟ, ತಮಿಳುನಾಡಿನ ನಡುವೆ ನಮ್ಮ 'ಬೆಟ್ಟ' ಹಾಗೇ ಕೂತಿದೆ. 'ಬಡಗ' ಎಂದರೆ ಉತ್ತರ ತಾನೆ? ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬಂದವರೆನ್ನಲಾದ ಬಡಗರ ಮಾತು ನಿಮ್ಮ ಅಜ್ಜಿಗೆ ಅರ್ಧ ಅರ್ಥವಾದೀತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದ ಮಾತು ಚಾಮರಾಜನಗರದ 1117ರ ಶಾಸನದಲ್ಲಿದೆ. ಆ ತೋಡರಿಗೆ ಮುಕೂರ್ತಿ ಪವಿತ್ರ ಶಿಖರ. ಸತ್ತವರು ಪರಲೋಕಕ್ಕೆ ಹೋಗುವ ದಾರಿ ಅದೇ ಎಂದು ಅವರ ನಂಬಿಕೆ.

ಮೇಲೆ ಹೋದರೆ ಕಾಣುವುದು ಮುಖ್ಯವಾಗಿ ಹುಲ್ಲು. ಗುಡ್ಡದ ಬೆನ್ನೆಲ್ಲ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಕುಳ್ಳು ಮರಗಳು ಒತ್ತಾಗಿ ಬೆಳೆದ ಶೋಲಾ ಕಾಡು. ಚಳಿಗಾಲದಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಕೆಂಪು ಹೂವಿನ ರೋಡೊಡೆಂಡ್ರಾನ್ ಇದೆ. ಅದರ ನೆಂಟರು ಹಿಮಾಲಯದಲ್ಲಿದ್ದಾರೆ. ಈ ಹುಲ್ಲಿನ ಒಡೆಯ ನೀಲಗಿರಿ ತಾರ್, ತಮಿಳುನಾಡಿನ ರಾಜ್ಯಪ್ರಾಣಿ. ತಮಿಳಿನಲ್ಲಿ 'ವರೈಆಡು', ಅಂದರೆ ಕಡಿಬಂಡೆಯ ಆಡು. ಆದರೆ 2005ರಲ್ಲಿ ವಂಶವಾಹಿ ಪರೀಕ್ಷಿಸಿದಾಗ ಅದು ಆಡಿಗಿಂತ ಕುರಿಗೇ ಹತ್ತಿರವೆಂದು ತಿಳಿಯಿತು! ವಯಸ್ಸಾದ ಗಂಡಿನ ಬೆನ್ನ ಮೇಲೆ ಜೀನು ಹಾಕಿದಂತೆ ಬೆಳ್ಳಿ ಬಣ್ಣ ಬರುತ್ತದೆ. ಅಪಾಯ ಕಂಡರೆ ಅದು ಓಡುವುದು ಕಾಡಿಗಲ್ಲ, ಕಡಿದಾದ ಬಂಡೆಗೆ.

ನೆಗಡಿಯಾದಾಗ ಅಮ್ಮ ಹಚ್ಚುವ 'ನೀಲಗಿರಿ ಎಣ್ಣೆ' ನೆನಪಿದೆಯೆ? ಕನ್ನಡದಲ್ಲಿ ನೀಲಗಿರಿ ಎಂದರೆ ಮರದ ಹೆಸರೂ ಹೌದು. ಆ ಮರ ನೀಲಗಿರಿಯದೇ ಅಲ್ಲ, 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು. ಬಂದವನು ಮನೆಯವರ ಹೆಸರನ್ನೇ ಹೊತ್ತುಕೊಂಡ! ಬ್ರಿಟಿಷರ ಕಣ್ಣಿಗೆ ಹುಲ್ಲುಗಾವಲೆಂದರೆ ಪಾಳು ಜಮೀನು. ಸೌದೆಗೆ, ಚರ್ಮ ಹದ ಮಾಡುವ ತೊಗಟೆಗೆ ಎಂದು ನೀಲಗಿರಿ, ವ್ಯಾಟಲ್ ಮರಗಳನ್ನು ನೆಟ್ಟರು. ಸ್ವಾತಂತ್ರ್ಯದ ನಂತರ ನಮ್ಮವರೂ ಅದನ್ನೇ ಮುಂದುವರಿಸಿದರು. ಮರ ನೆಟ್ಟರೆ ಪುಣ್ಯ ಎಂದು ಶಾಲೆಯಲ್ಲಿ ಕಲಿತ ನಿಮಗೆ ಇದು ವಿಚಿತ್ರವೆನಿಸೀತು. ಆದರೆ ತಾರ್‌ಗೆ ಬೇಕಾದದ್ದು ಮರವಲ್ಲ, ಹುಲ್ಲು. ವ್ಯಾಟಲನ್ನು ಕಡಿದರೂ ಮುಗಿಯಿತೆಂದಲ್ಲ. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾದಿದ್ದು, ಬೆಂಕಿ ಬಿದ್ದರೆ ಇನ್ನೂ ಜೋರಾಗಿ ಮೊಳೆಯುತ್ತದೆ.

ಚೆನ್ನೈಯಲ್ಲಿ ಕೂತ ನಮಗೇನು ಎನ್ನಬೇಡಿ. ಈ ಹುಲ್ಲು, ಶೋಲಾಗಳು ಮಳೆನೀರನ್ನು ಸ್ಪಂಜಿನಂತೆ ಹೀರಿ ನಿಧಾನವಾಗಿ ಬಿಡುತ್ತವೆ. ಆ ನೀರು ಪೈಕಾರ, ಭವಾನಿಯಾಗಿ ಇಳಿದು ಕಾವೇರಿ ಸೇರುತ್ತದೆ. ಕಾವೇರಿಯ ಒಂದಷ್ಟು ಪಾಲು ವೀರಾಣಂ ಕೆರೆಯಿಂದ 2004ರಿಂದ ನಮ್ಮ ನಲ್ಲಿಗೆ ಬರುತ್ತಿದೆ. ಕೊಡ ಹಿಡಿದು ಲಾರಿಗೆ ಕಾದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಕೂರ್ತಿ 1982ರಲ್ಲಿ ಅಭಯಾರಣ್ಯವಾಯಿತು, 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತಮಿಳುನಾಡು ಸರ್ಕಾರ 2022ರಲ್ಲಿ ನೀಲಗಿರಿ ತಾರ್ ಯೋಜನೆ ಆರಂಭಿಸಿತು. ಹುಲ್ಲುಗಾವಲನ್ನು ಮತ್ತೆ ಬೆಳೆಸುವುದೂ ಅದರಲ್ಲಿ ಸೇರಿದೆ. 2025ರಲ್ಲಿ ಕೇರಳದೊಡನೆ ಜೊತೆಯಾಗಿ ಎಣಿಸಿದಾಗ ಸಿಕ್ಕ ತಾರ್‌ಗಳು 2,668. ತಮಿಳುನಾಡಿನ ಪಾಲು 1,303. ಇಡೀ ಜಗತ್ತಿನಲ್ಲಿ ಕಾಡಿನ ತಾರ್ ಈ ಎರಡು ರಾಜ್ಯಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಹೋಗುವ ಮನಸ್ಸಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಇದು ಊಟಿಯ ಬೊಟಾನಿಕಲ್ ಗಾರ್ಡನ್ ಅಲ್ಲ. ಸ್ವೆಟರ್ ಮರೆಯಬೇಡಿ.