ದೋಣಿಯಲ್ಲಿ ಮನೆ: ಹಳೇಬೀಡಿನ ಅಜ್ಜ, ಬರ್ಮಿಂಗ್‌ಹ್ಯಾಮ್‌ನ ಮೊಮ್ಮಗ

ಹಳೇಬೀಡಿನ ದ್ವಾರಸಮುದ್ರ ಕೆರೆಯ ಏರಿ ಮೇಲೆ ಅಸರ್ ನಮಾಜ್ ಮುಗಿಸಿ ಒಂದು ಸುತ್ತು ನಡೆಯುವುದು ಈ ಹಿರಿಯರ ಬಹುಕಾಲದ ಅಭ್ಯಾಸ. ಊರಿನ ಹುಡುಗರಿಗೆ ಅವರು ‘ಕಾಕಾ’, ಸಂತೆಯ ರೈತರಿಗೆ ‘ಬ್ಯಾರಿ ಸಾಹೇಬ್ರು’. ವಯಸ್ಸು ಎಂಬತ್ತರ ಹತ್ತಿರ. ಒಣಮೀನಿನ ಮೂಟೆ ಹೊತ್ತು ಘಟ್ಟ ಹತ್ತಿದವರು, ಮುಂದೆ ಅರಸೀಕೆರೆ ಕಡೆಯ ಕೊಬ್ಬರಿ, ಬೇಲೂರು ಕಡೆಯ ಕಾಳುಮೆಣಸಿನ ವ್ಯಾಪಾರದಲ್ಲಿ ನೆಲೆ ನಿಂತರು. ಹಜ್ ಮಾಡಿ ಬಂದಿದ್ದಾರೆ. ಮಕ್ಕಳು ಮೊಮ್ಮಕ್ಕಳ ತುಂಬು ಮನೆ.

ನಾವು ಅವರನ್ನು ಕಾಣಲು ಹೋದದ್ದು ಘಟ್ಟದ ಮೇಲಿನ ಬ್ಯಾರಿ ವ್ಯಾಪಾರಿಗಳ ಬಗ್ಗೆ ಬರೆಯಲೆಂದು. ಕೇಳಿಕೊಂಡು ಬಂದದ್ದು ಬೇರೆಯೇ ಕತೆ. “ಬರೀರಿ, ಬೇಡ ಅನ್ನಲ್ಲ. ಹೆಸ್ರು ಮಾತ್ರ ಹಾಕ್ಬೇಡಿ. ಮನೇಲಿ ಒಂದು ಸಂಬಂಧದ ಮಾತು ನಡೀತಿದೆ” ಎಂದರು. ಹಾಗಾಗಿ ಇಲ್ಲಿ ಅವರು ಹಾಜಿಯವರು, ಅಷ್ಟೇ.

ಜಾರಿದ ಚಹಾ ಲೋಟ

ಹಾಜಿಯವರ ಮೊಮ್ಮಗ ಓದಲೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ, ಅಲ್ಲೇ ಕೆಲಸ ಹಿಡಿದ ಹುಡುಗ. ಪ್ರತಿ ಭಾನುವಾರ ವಿಡಿಯೋ ಕಾಲ್. ಎರಡು ವರ್ಷದಿಂದ “ಸಣ್ಣ ರೂಮು ಅಜ್ಜಾ, ಒಬ್ಬನಿಗೆ ಸಾಕು” ಎನ್ನುತ್ತಿದ್ದ. ಒಂದು ದಿನ ಮಾತಾಡುತ್ತಿದ್ದಾಗ ಮೇಜಿನ ಮೇಲಿನ ಚಹಾ ಲೋಟ ತನ್ನಷ್ಟಕ್ಕೆ ಒಂದು ಗೇಣು ಜಾರಿತು. ಹುಡುಗ ಕೈ ಚಾಚಿ ಹಿಡಿದ. ಮನೆಯವರು ಯಾರೂ ಗಮನಿಸಲಿಲ್ಲ. ಹಾಜಿಯವರು ಗಮನಿಸಿದರು.

“ಮೋನೇ, ನೀನು ನೀರಿನ ಮೇಲಿದ್ದೀಯಾ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಫೋನನ್ನು ತಿರುಗಿಸಿ ತೋರಿಸಿದ. ಕಿಟಕಿಯಾಚೆ ಕಾಲುವೆ, ಹಗ್ಗ ಕಟ್ಟಿದ ದಡ, ಬಾತುಕೋಳಿ. ಅವನ ಮನೆ ಐವತ್ತು ಅಡಿ ಉದ್ದದ ಕಬ್ಬಿಣದ ದೋಣಿ. ಪಕ್ಕದಲ್ಲಿ ಇನ್ನೊಂದು ದೋಣಿ ಬೇಗ ಹೋದದ್ದಕ್ಕೆ ಅದು ಅಲುಗಾಡಿತ್ತು.

“ಯಾಕೆ ಮುಚ್ಚಿಟ್ಟೆ?” ಎಂದು ಉಮ್ಮ ಅತ್ತರಂತೆ. ಹುಡುಗನದು ನೇರ ಉತ್ತರ. ಬಾಡಿಗೆಗೇ ಅರ್ಧ ಸಂಬಳ ಹೋಗುತ್ತಿತ್ತು. ಮನೆ ಕೊಳ್ಳೋಣವೆಂದರೆ ಬ್ಯಾಂಕಿನ ಬಡ್ಡಿ ಸಾಲ ಬೇಕು, ಅದು ಬೇಡ. ಕೈಯಲ್ಲಿ ಕೂಡಿಟ್ಟ ಹಣಕ್ಕೆ ಸಾಲವಿಲ್ಲದೆ ಸಿಕ್ಕಿದ್ದು ಈ ಹಳೇ ದೋಣಿ. “ದೋಣಿಯಲ್ಲಿದ್ದೀನಿ ಅಂದ್ರೆ ಊರಲ್ಲಿ ಏನಂತಾರೋ ಅಂತ ಹೇಳ್ಲಿಲ್ಲ” ಎಂದ.

ಆ ಮಾತು ತಮ್ಮ ಎದೆಗೇ ನಾಟಿತು ಎನ್ನುತ್ತಾರೆ ಹಾಜಿಯವರು. ಯಾಕೆಂದರೆ ಅದೇ ಹೆದರಿಕೆಯಿಂದ ಅವರೂ ಅರವತ್ತು ವರ್ಷ ಒಂದು ಮಾತನ್ನು ಮುಚ್ಚಿಟ್ಟಿದ್ದರು.

ನೇತ್ರಾವತಿಯ ಬಾಲ್ಯ

ಹಾಜಿಯವರ ಬಾಪ ನೇತ್ರಾವತಿಯ ದೋಣಿಯವರು. ಬಂಟ್ವಾಳ, ಪಾಣೆಮಂಗಳೂರಿನಿಂದ ಮಂಗಳೂರು ಬಂದರಿಗೆ ಸರಕು ಇಳಿಸುವುದು, ಅಲ್ಲಿಂದ ಉಪ್ಪು, ಒಣಮೀನು ಹೇರಿಕೊಂಡು ಬರುವುದು ಅವರ ಕೆಲಸ. ರಸ್ತೆ ಸರಿಯಿಲ್ಲದ ಕಾಲದಲ್ಲಿ ಬಂಟ್ವಾಳವೇ ಘಟ್ಟದ ಸರಕಿಗೆ ಬಾಗಿಲು. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರು ಸೀಮೆಯ ಕಾಫಿ ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ಬಂಟ್ವಾಳಕ್ಕೆ ಬಂದು, ಅಲ್ಲಿ ದೋಣಿ ಹತ್ತುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆವೆಮಣ್ಣಿನ ಸಾಗಾಟವೂ ಸೇರಿಕೊಂಡಿತು. ನೇತ್ರಾವತಿ, ಗುರುಪುರ ಹೊಳೆಗಳ ಮಣ್ಣು ದೋಣಿಯಲ್ಲಿ ಬಂದು ಹಂಚಾಗಿ, ಅದೇ ಹಂಚು ಬಂದರಿನಿಂದ ಮಂಜಿ ಹತ್ತಿ ಹೊರದೇಶಕ್ಕೂ ಹೋಯಿತು. ಆ ದುಡಿಮೆಯಲ್ಲಿ ಬ್ಯಾರಿಗಳ ಪಾಲು ದೊಡ್ಡದು.

ಹಾಜಿಯವರು ಹತ್ತನೇ ವಯಸ್ಸಿಗೆ ದೋಣಿ ಹತ್ತಿದರು. “ಶಾಲೆ ಅಲ್ಲಿಗೆ ಮುಗೀತು. ಭರತ ನೋಡಿ ಹೊರಡೋದು, ಇಳಿತ ಬಂದ್ರೆ ಲಂಗರು ಹಾಕಿ ಕಾಯೋದು. ರಾತ್ರಿ ದೋಣಿಯಲ್ಲೇ ಗಂಜಿ, ದೋಣಿಯಲ್ಲೇ ನಿದ್ದೆ. ಬಿದಿರ ಗಳ ಊರಿ ಊರಿ ಎದೆಯಲ್ಲಿ ಗಂಟು ಬಿದ್ದಿತ್ತು” ಎಂದು ಅಂಗಿ ಸರಿಸಿ ತೋರಿಸಿದರು. ಬಾಪ 1923ರ ದೊಡ್ಡ ನೆರೆಯ ಕತೆಯನ್ನು ರಾತ್ರಿಯೆಲ್ಲ ಹೇಳುತ್ತಿದ್ದರಂತೆ.

ಆಮೇಲೆ ಲಾರಿ ಬಂತು, ಸೇತುವೆ ಬಂತು. ಹೊಳೆಯಲ್ಲಿ ಸರಕು ಕಡಿಮೆಯಾಯಿತು. ಹಾಜಿಯವರು ಘಟ್ಟ ಹತ್ತಿದರು. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು “ಬಾಪನಿಗೆ ಏನು ಕೆಲಸ?” ಎಂದು ಕೇಳಿದಾಗ, “ಬಂದರಿನಲ್ಲಿ ವ್ಯಾಪಾರ” ಎಂದರು. ದೋಣಿ ಊರುವವನ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂಬ ಅಂಜಿಕೆ. ಒಮ್ಮೆ ಹೇಳಿದ ಮಾತು ಹಾಗೆಯೇ ನಿಂತುಬಿಟ್ಟಿತು. ಮಕ್ಕಳಿಗೂ ಗೊತ್ತಿರಲಿಲ್ಲ.

ನಮ್ಮ ಸಮುದಾಯದಲ್ಲಿ ಇದು ಒಬ್ಬರ ಕತೆಯಲ್ಲ. ‘ಬ್ಯಾರಿ’ ಎಂಬ ಹೆಸರು ತುಳುವಿನ ‘ಬ್ಯಾರ’ ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ, ಸಮುದ್ರ ಎಂಬ ಅರ್ಥದ ಅರಬಿಯ ‘ಬಹ್ರ್’ನಿಂದ ಬಂತು ಎನ್ನುವವರೂ ಇದ್ದಾರೆ. ಹೆಸರಿನಲ್ಲಿ ಸಮುದ್ರ ಬೇಕು, ವೇದಿಕೆಯ ಭಾಷಣದಲ್ಲಿ ಅರಬ್ ನಾವಿಕರು ಬೇಕು. ಮನೆಯ ಅಜ್ಜ ಗಳ ಊರಿದ್ದನ್ನು ಹೇಳಲು ಮಾತ್ರ ನಾಚಿಕೆ.

ಏಳಡಿ ಅಗಲದ ಬದುಕು

ಮೊಮ್ಮಗನೊಂದಿಗೆ ನಾವೂ ವಿಡಿಯೋದಲ್ಲಿ ಮಾತಾಡಿದೆವು. ಅವನಿರುವುದು ‘ನ್ಯಾರೋಬೋಟ್’ ಅಂದರೆ ಕಿರಿದೋಣಿಯಲ್ಲಿ. ಅಗಲ ಏಳಡಿಗೂ ಒಂದೆರಡು ಅಂಗುಲ ಕಡಿಮೆ. ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಕಟ್ಟಿಸಿದ ಕಾಲುವೆಗಳ ಲಾಕ್‌ಗಳು ಅಷ್ಟೇ ಅಗಲ ಇರುವುದರಿಂದ ದೋಣಿಯೂ ಅಷ್ಟೇ. ಲಾಕ್ ಎಂದರೆ ನೀರಿನ ಮೆಟ್ಟಿಲು. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ನೀರನ್ನು ಬಿಟ್ಟರೆ ದೋಣಿ ತಾನೇ ಮೇಲೇಳುತ್ತದೆ. ವಾರ್ವಿಕ್ ಹತ್ತಿರದ ಹ್ಯಾಟನ್‌ನಲ್ಲಿ ಸಾಲಾಗಿ 21 ಲಾಕ್‌ಗಳಿವೆ. “ಒಬ್ಬನೇ ದಾಟೋಕೆ ಒಂದು ದಿನ ಬೇಕು, ಸೊಂಟ ಬಿದ್ದೋಗುತ್ತೆ” ಎಂದು ನಕ್ಕ. ಹಾಜಿಯವರು ಪಕ್ಕದಿಂದ, “ನಮ್ಗೆ ಆ ಕೆಲಸ ಭರತ ಮಾಡ್ತಿತ್ತು, ಪುಕ್ಕಟೆ” ಎಂದರು.

ಹಿಂದೆ ಆ ದೋಣಿಗಳನ್ನು ದಡದ ಮೇಲಿಂದ ಕುದುರೆ ಎಳೆಯುತ್ತಿತ್ತು. ಕಲ್ಲಿದ್ದಲು ತುಂಬಿದ ದೋಣಿಯ ಹಿಂಭಾಗದ ಹತ್ತಡಿ ಕೋಣೆಯಲ್ಲಿ ಇಡೀ ಸಂಸಾರ. ಅಲ್ಲಿಯ ಮಕ್ಕಳಿಗೂ ಶಾಲೆ ಇರಲಿಲ್ಲ. ಅವರ ಆರೋಗ್ಯ, ಓದಿಗಾಗಿ 1877 ಮತ್ತು 1884ರಲ್ಲಿ ಕಾನೂನು ತರಬೇಕಾಯಿತು. ರೈಲು, ಲಾರಿ ಬಂದ ಮೇಲೆ ಅವರ ದುಡಿಮೆಯೂ ಹೋಯಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಉಳಿದಿದ್ದ ಸಾಗಾಟವೂ ಹೆಚ್ಚುಕಡಿಮೆ ನಿಂತಿತು. ಇದನ್ನು ಮೊಮ್ಮಗ ಹೇಳುತ್ತಿದ್ದಾಗ ಹಾಜಿಯವರು ಕನ್ನಡಕ ತೆಗೆದು ಒರೆಸಿಕೊಂಡರು. “ಅಲ್ಲೂ ಹೀಗೇ ಆಯ್ತಾ!”

ಈಗ ಆ ದೋಣಿಗಳಲ್ಲಿ ಇರುವವರು ಕೆಲವರು ಆಸೆಗೆ, ಕೆಲವರು ಬಾಡಿಗೆ ತಾಳಲಾರದೆ. ಕಾಯಂ ಜಾಗ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು 1995ರ ಕಾನೂನು ಹೇಳುತ್ತದೆ. ಹಾಗಾಗಿ ಹುಡುಗನ ಮನೆ ಎರಡು ವಾರಕ್ಕೊಮ್ಮೆ ಊರು ಬದಲಿಸುತ್ತದೆ. ಕುಡಿಯುವ ನೀರು ತುಂಬಿಸುವುದು, ಪಾಯಿಖಾನೆಯ ಡಬ್ಬಿಯನ್ನು ಗೊತ್ತಾದ ಜಾಗಕ್ಕೆ ಒಯ್ದು ಖಾಲಿ ಮಾಡುವುದು, ಒಲೆಗೆ ಕಲ್ಲಿದ್ದಲು ಹೊರುವುದು ಎಲ್ಲ ಅವನದೇ ಕೆಲಸ. ಒಲೆಯ ವಿಷಗಾಳಿ ಒಳಗೆ ಸೇರಿದರೆ ಜೀವಕ್ಕೇ ಅಪಾಯ, ಅದಕ್ಕೊಂದು ಅಲಾರಂ.

ಹಾಜಿಯವರ ಮೊದಲ ಪ್ರಶ್ನೆ ಮಾತ್ರ ಬೇರೆ: “ಕಿಬ್ಲಾ ಹೇಗೆ ನೋಡ್ತೀಯಾ?” ಇಲ್ಲಿ ನಮಗೆ ಪಶ್ಚಿಮ, ಅಲ್ಲಿ ಅವನಿಗೆ ಆಗ್ನೇಯ. ಕಾಲುವೆ ತಿರುಗಿದ ಕಡೆ ಮನೆಯೂ ತಿರುಗುತ್ತದೆ. ಏಳಡಿ ಅಗಲದಲ್ಲಿ ಮುಸಲ್ಲಾ ಒಮ್ಮೆ ಅಡ್ಡ, ಒಮ್ಮೆ ಓರೆ. ಎರಡನೇ ಪ್ರಶ್ನೆ: “ನೀನು ಮುಸಾಫಿರ್ ಅಂತ ಕಸ್ರ್ ಮಾಡ್ತಿದ್ದೀಯಾ?” ದೋಣಿಯೇ ಮನೆಯಾದವನು ನಮಾಜನ್ನು ಪೂರ್ತಿ ಮಾಡುವುದೇ ಉತ್ತಮ ಎಂದು ಶಾಫಿ ಮದ್‌ಹಬ್‌ನ ಕಿತಾಬುಗಳಲ್ಲಿದೆ. ಹೊಳೆಯ ಮೇಲಿದ್ದಾಗ ಬಾಪ ಅದನ್ನು ಉಸ್ತಾದರಿಂದ ಕೇಳಿ ತಿಳಿದಿದ್ದರಂತೆ.

ತುಕ್ಕು ಮತ್ತು ಬೂತಾಯಿ ಎಣ್ಣೆ

ಗುಟ್ಟು ಪೂರ್ತಿ ಹೊರಬಿದ್ದದ್ದು ಕಳೆದ ವರ್ಷ. ಕಬ್ಬಿಣದ ದೋಣಿಯ ತಳಕ್ಕೆ ಎರಡು-ಮೂರು ವರ್ಷಕ್ಕೊಮ್ಮೆ ಡಾಂಬರಿನಂಥ ಕಪ್ಪು ಬಣ್ಣ ಬಳಿಯಬೇಕು. ಇಲ್ಲದಿದ್ದರೆ ತುಕ್ಕು ತಿಂದು ತಗಡು ತೆಳುವಾಗುತ್ತದೆ. ಕೂಲಿ ಕೊಟ್ಟು ಮಾಡಿಸಲು ಹಣ ಸಾಲದೆ, ಹುಡುಗ ದೋಣಿಯನ್ನು ನೀರಿಲ್ಲದ ಕಟ್ಟೆಗೆ ಏರಿಸಿ ತಾನೇ ಬ್ರಷ್ ಹಿಡಿದ. ಬಾಡಿಗೆ ಕಟ್ಟೆ ಸಿಕ್ಕಿದ್ದು ಕೆಲವೇ ದಿನಕ್ಕೆ. ಅವಸರದಲ್ಲಿ ಹಸಿ ತಳಕ್ಕೇ ಬಣ್ಣ ಬಳಿಯಲು ಹೊರಟಿದ್ದ.

ವಿಡಿಯೋದಲ್ಲಿ ಅದನ್ನು ಕಂಡ ಹಾಜಿಯವರು ಗದರಿದರು. “ನಿಲ್ಲಿಸು! ಮೊದಲು ಕೆರೆ. ಪಾಚಿ ಹೋಗ್ಬೇಕು, ಕಪ್ಪೆಚಿಪ್ಪು ಹೋಗ್ಬೇಕು, ತುಕ್ಕು ಹೋಗ್ಬೇಕು. ಆಮೇಲೆ ಒಣಗಿಸು. ಒಣಗದ ದೋಣಿಗೆ ಎಣ್ಣೆ ಕೊಟ್ರೆ ಒಳಗಿಂದ ಕೊಳೆಯುತ್ತೆ.”

ಮನೆಯವರೆಲ್ಲ ಅವರ ಮುಖ ನೋಡಿದರು. ಕೊಬ್ಬರಿ ವ್ಯಾಪಾರಿಗೆ ದೋಣಿಯ ತಳದ ಮಾತು ಹೇಗೆ ಗೊತ್ತು?

ಆ ರಾತ್ರಿ ಹಾಜಿಯವರು ಎಲ್ಲ ಹೇಳಿದರು. ಮಳೆಗಾಲಕ್ಕೆ ಮೊದಲು ದೋಣಿಯನ್ನು ದಂಡೆಗೆ ಎಳೆದು ಮಗುಚಿ ಹಾಕುತ್ತಿದ್ದದ್ದು. ಹಲಗೆಯ ಸಂದಿಗೆ ಹತ್ತಿ, ನಾರು ತುರುಕಿ ರಾಳ ಮೆತ್ತುತ್ತಿದ್ದದ್ದು. ಹುಳ ಹಿಡಿಯದ ಹಾಗೆ ಬೂತಾಯಿ ಎಣ್ಣೆ, ಗೇರೆಣ್ಣೆ ಬಳಿಯುತ್ತಿದ್ದದ್ದು. ಗೇರೆಣ್ಣೆ ತಾಗಿ ಕೈಚರ್ಮ ಸುಟ್ಟು ಸಿಪ್ಪೆ ಏಳುತ್ತಿದ್ದದ್ದು. ಆ ವಾಸನೆ ಹೋಗಲೆಂದು ಬಾಪ ಜುಮಾಕ್ಕೆ ಮೊದಲು ಮೂರು ಸಲ ಸಾಬೂನು ಹಚ್ಚಿ ತೊಳೆಯುತ್ತಿದ್ದದ್ದು. “ಅವರ ಕೈ ನಾತ ನನ್ಗೆ ನಾಚಿಕೆ ಆಗ್ತಿತ್ತು. ಈಗ ಆ ನಾತ ಒಂದ್ಸಲ ಸಿಕ್ಕಿದ್ರೆ ಸಾಕು ಅನ್ಸುತ್ತೆ.”

ಹುಡುಗ ಇನ್ನೆರಡು ದಿನ ರಜೆ ಹಾಕಿ ತಳ ಕೆರೆದ, ಒಣಗಿಸಿದ, ಮೂರು ಸಲ ಬಣ್ಣ ಬಳಿದ. ದೋಣಿ ನೀರಿಗೆ ಇಳಿದಾಗ ಇಲ್ಲಿ ಹಳೇಬೀಡಿನಲ್ಲಿ ಅಜ್ಜ ಬಿಸ್ಮಿ ಹೇಳಿದರು.

ಕೆರೆಯ ದಂಡೆಯಲ್ಲಿ

ಹಳೇಬೀಡಿಗೂ ಕಾಲುವೆಗೂ ಸಂಬಂಧ ಇಲ್ಲದಿಲ್ಲ. ಹೊಯ್ಸಳರ ಕಾಲದಲ್ಲಿ ಯಗಚಿಗೆ ರಣಘಟ್ಟದಲ್ಲಿ ಒಡ್ಡು ಕಟ್ಟಿ, ಕಾಲುವೆಯಲ್ಲಿ ನೀರು ತಂದು ಈ ದ್ವಾರಸಮುದ್ರವನ್ನು ತುಂಬಿಸುತ್ತಿದ್ದರು. ಆ ನೀರನ್ನು ಮತ್ತೆ ತರಬೇಕೆಂದು ಇಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ವಿಷ್ಣುವರ್ಧನ ಇಲ್ಲಿ ಆಳುತ್ತಿದ್ದ ಕಾಲದಲ್ಲೇ, 1130ರ ದಶಕದಲ್ಲಿ, ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿ ಏಡನ್‌ನ ಮುಸ್ಲಿಂ, ಯಹೂದಿ ವರ್ತಕರೊಡನೆ ಮೆಣಸಿನ ವ್ಯವಹಾರ ನಡೆಸಿದ್ದ. ಅವನ ಕಾಗದಗಳು ಇಂದಿಗೂ ಉಳಿದಿವೆ. ಘಟ್ಟದ ಮೆಣಸನ್ನು ಹೊಳೆಯಲ್ಲಿ ಇಳಿಸಿದವರ ಕೈಗಳ ಬಗ್ಗೆ ಮಾತ್ರ ಯಾರೂ ಕಾಗದ ಬರೆದಿಡಲಿಲ್ಲ.

ಮೊಮ್ಮಗನಿಗೆ ಈಗ ಹೆಣ್ಣು ನೋಡುತ್ತಿದ್ದಾರೆ. ಹಿಂದೊಮ್ಮೆ ಬಂದ ಸಂಬಂಧ ‘ಬೋಟಿನಲ್ಲಿ ಮನೆ’ ಎಂಬ ಸುದ್ದಿ ತಿಳಿದು ತಪ್ಪಿತು. ಈ ಸಲ ಮಾತುಕತೆಗೆ ಹಾಜಿಯವರೇ ಹೋದರು. ಕುಳಿತ ಕೂಡಲೇ ಹೇಳಿಬಿಟ್ಟರಂತೆ: “ಹುಡ್ಗ ದೋಣಿಯಲ್ಲಿದ್ದಾನೆ. ಸಾಲ ಇಲ್ಲ, ಬಡ್ಡಿ ಇಲ್ಲ. ನಿಮ್ಮ ಮಗಳಿಗೆ ಅದು ಆಗೋದಿಲ್ಲ ಅಂದ್ರೆ ದಡದಲ್ಲಿ ಮನೆ ಹಿಡೀತಾನೆ, ಅವಳನ್ನೇ ಕೇಳಿ. ಇನ್ನೊಂದು ಮಾತು. ಅವನ ಅಜ್ಜನೂ ದೋಣಿಯವ, ಅಜ್ಜನ ಬಾಪನೂ ದೋಣಿಯವರು. ಇದನ್ನು ಮೊದಲೇ ಹೇಳ್ಬೇಕಿತ್ತು, ಅರವತ್ತು ವರ್ಷ ತಡ ಆಯ್ತು.”

ಹೆಣ್ಣಿನ ಮನೆಯವರು ಚಹಾ ಕೊಟ್ಟು, ಆಲೋಚಿಸಿ ತಿಳಿಸುತ್ತೇವೆ ಎಂದಿದ್ದಾರೆ. ನಾವು ಹೊರಡುವಾಗಲೂ ಉತ್ತರ ಬಂದಿರಲಿಲ್ಲ. ಆದರೆ ಹುಡುಗಿ ತಾನಾಗಿಯೇ ಒಂದು ಪ್ರಶ್ನೆ ಕೇಳಿ ಕಳಿಸಿದ್ದಾಳಂತೆ: ಚಳಿಗಾಲದಲ್ಲಿ ಒಳಗೆ ಬೆಚ್ಚಗಿರುತ್ತದಾ?

“ಅದಕ್ಕೆ ಮೊಮ್ಮಗನೇ ಉತ್ತರ ಕೊಡ್ಲಿ” ಎಂದು ಹಾಜಿಯವರು ಮಗ್ರಿಬ್‌ಗೆ ವುಝೂ ಮಾಡಲು ಎದ್ದರು.