ಇಪ್ಪತ್ತು ಗಂಟೆಯ ಲೈಸೆನ್ಸು ಮತ್ತು ಬಜ್ಪೆಯ ರನ್‌ವೇ

ಕಾಪುವಿನ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಕಳೆದ ಬೇಸಿಗೆಯಲ್ಲಿ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗ ಆಗಷ್ಟೇ ಸೆಕೆಂಡ್ ಪಿಯು ಸೈನ್ಸ್ ಮುಗಿಸಿದ್ದ. ನಾನು ಫಿಸಿಕ್ಸ್ ಪಾಠ ಮಾಡಿದವನಾದ್ದರಿಂದ ಆಕಾಶಕ್ಕೆ ಸಂಬಂಧಪಟ್ಟದ್ದೆಲ್ಲ ನನಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ಚಹಾ ಬರುವ ಮೊದಲೇ ಶುರುಮಾಡಿದರು: "ಮಾಷ್ಟ್ರೇ, ಇವ ಪೈಲಟ್ ಆಗ್ತಾನಂತೆ. ಸ್ಪೋರ್ಟ್ ಲೈಸೆನ್ಸಿಗೆ ಇಪ್ಪತ್ತೇ ಗಂಟೆಯಂತೆ, ಪ್ರೈವೇಟಿಗೆ ನಲವತ್ತಂತೆ. ಇಪ್ಪತ್ತರದ್ದೇ ಸಾಕಲ್ಲ? ಮತ್ತೆ ಅದಕ್ಕೆ ಸ್ಪೋರ್ಟ್ಸ್ ಕೋಟಾ ಎಂತಾದರೂ ಉಂಟಾ?"

ಕೋಟಾದ ಮಾತಿಗೆ ಹುಡುಗ ನಕ್ಕ. ಆದರೆ ಅಪ್ಪನ ಗೊಂದಲದಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಸ್ಪೋರ್ಟ್ಸ್ ಎಂದರೆ ಕ್ರಿಕೆಟ್ಟು, ಕಬಡ್ಡಿ, ಬಹಳವಾದರೆ ಮಿಯಾರಿನ ಕಂಬಳ. ವಿಮಾನದ ವಿಷಯದಲ್ಲಿ ಆ ಪದಕ್ಕೆ 'ಹವ್ಯಾಸಕ್ಕಾಗಿ' ಎಂದಷ್ಟೇ ಅರ್ಥ. ಮಲ್ಪೆ ಬೀಚಿನಲ್ಲಿ ದೋಣಿಗೆ ಹಗ್ಗ ಕಟ್ಟಿಸಿಕೊಂಡು ಮೇಲೇಳುವ ಪ್ಯಾರಾಸೇಲಿಂಗಿಗೂ ಇದಕ್ಕೂ ಸಂಬಂಧವಿಲ್ಲ. ಇಂಥ ತಪ್ಪು ತಿಳಿವಳಿಕೆಗಳು ಇನ್ನೂ ಕೆಲವಿವೆ.

"ಸ್ಪೋರ್ಟ್ ಲೈಸೆನ್ಸ್ ಇಲ್ಲಿಯೂ ಸಿಗ್ತದೆ, ಅರ್ಧ ಖರ್ಚಿನಲ್ಲಿ"

ಇಪ್ಪತ್ತು ಗಂಟೆಯ ಲೆಕ್ಕ ಅಮೆರಿಕದ್ದು. ಅಲ್ಲಿಯ ವಿಮಾನಯಾನ ಇಲಾಖೆ 2004ರಲ್ಲಿ ಸ್ಪೋರ್ಟ್ ಪೈಲಟ್ ಎಂಬ ಸರಳ ದರ್ಜೆಯೊಂದನ್ನು ತಂದಿತು. ಕನಿಷ್ಠ 20 ಗಂಟೆಯ ಹಾರಾಟ; ಆರೋಗ್ಯದ ಪುರಾವೆಗೆ ಡ್ರೈವಿಂಗ್ ಲೈಸೆನ್ಸ್ ಸಾಕು; ಜೊತೆಗೆ ಒಬ್ಬರೇ ಪ್ರಯಾಣಿಕರು. 2025ರಲ್ಲಿ ನಿಯಮ ಸಡಿಲಿಸಿ ನಾಲ್ಕು ಸೀಟಿನ ಕೆಲವು ವಿಮಾನಗಳಿಗೂ ಅವಕಾಶ ಕೊಟ್ಟರು, ಪ್ರಯಾಣಿಕರ ಮಿತಿ ಮಾತ್ರ ಒಂದೇ ಉಳಿಯಿತು. ಯೂಟ್ಯೂಬಿನಲ್ಲಿ 'ಸ್ಪೋರ್ಟ್ ಒಳ್ಳೆಯದೋ ಪ್ರೈವೇಟ್ ಒಳ್ಳೆಯದೋ' ಎಂದು ವಾದಿಸುವವರೆಲ್ಲ ಆ ದೇಶದ ನಿಯಮ ಇಟ್ಟುಕೊಂಡು ವಾದಿಸುವವರು. ಆ ಸರ್ಟಿಫಿಕೇಟು ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುವಂಥದ್ದಲ್ಲ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮನೆಯಲ್ಲಿದ್ದು ಅದನ್ನು ಪಡೆದು ಬಂದರೆ ಇಲ್ಲಿ ಅದರ ಬಲದಿಂದ ವಿಮಾನ ಎಬ್ಬಿಸುವುದಕ್ಕಾಗುವುದಿಲ್ಲ.

ಭಾರತದ ನಿಯಮದಲ್ಲಿಯೂ ಮೈಕ್ರೋಲೈಟ್ ಮತ್ತು ಲೈಟ್ ಸ್ಪೋರ್ಟ್ ವಿಮಾನಗಳಿಗೆ ಬೇರೆ ವರ್ಗದ ಪರವಾನಗಿ ಇದೆ ನಿಜ. ಆದರೆ ಕಲಿಸುವ ಕಡೆಗಳು ಕಡಿಮೆ. ಹೆಚ್ಚಿನವರು ಹಿಡಿಯುವ ದಾರಿ ಬೇರೆ: ಮೊದಲು ಸ್ಟೂಡೆಂಟ್ ಪೈಲಟ್ ಲೈಸೆನ್ಸ್, ಅಂದರೆ ಎಸ್‌ಪಿಎಲ್. 16 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಕ್ಲಾಸ್ 2 ವೈದ್ಯಕೀಯ ಪರೀಕ್ಷೆ ದಾಟಿರಬೇಕು. ನಂತರ ಪ್ರೈವೇಟ್, ಅಂದರೆ ಪಿಪಿಎಲ್: 17 ವರ್ಷ, ಕನಿಷ್ಠ 40 ಗಂಟೆ.

ಕನಿಷ್ಠ ಎಂಬ ಮಾತಿಗೆ ಅಂಗಡಿಯವರು ತಲೆಯಾಡಿಸಿದರು; ಅದು ನೆಲಕ್ಕೆ ಹಾಕುವ ಟೈಲ್ಸಿನ ಅಂದಾಜಿನ ಹಾಗೆ, ಕೊನೆಗೆ ಹೆಚ್ಚೇ ಬೇಕಾಗುತ್ತದೆ. ನಲವತ್ತರಲ್ಲಿ ಮುಗಿಸುವವರು ಕಡಿಮೆ. ಶಾಲೆ ಹೇಳುವ ಗಂಟೆಯ ದರವನ್ನು ನಲವತ್ತರಿಂದ ಗುಣಿಸಿ ಸಾಲದ ಅರ್ಜಿ ಹಾಕಿದವರು ಐವತ್ತಕ್ಕೋ ಅರವತ್ತಕ್ಕೋ ಸಿಕ್ಕಿಬೀಳುತ್ತಾರೆ.

"ಬಜ್ಪೆ ಹತ್ತಿರವೇ ಇದೆಯಲ್ಲ, ಅಲ್ಲೇ ಕಲಿಯಬಹುದು"

1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದು ಉದ್ಘಾಟಿಸಿದ ಬಜ್ಪೆ ನಿಲ್ದಾಣ ಕಾಪುವಿನವರಿಗೆ ಮನೆಯ ಹಿತ್ತಿಲಿದ್ದ ಹಾಗೆ. ಆದರೆ ಅದು ಪ್ರಯಾಣಿಕರ ವಿಮಾನಗಳಿಗಾಗಿ ಇರುವುದು; ಹಾರಾಟ ಕಲಿಸುವ ಶಾಲೆ ಅಲ್ಲಿಲ್ಲ. ಉಡುಪಿ ಜಿಲ್ಲೆಯಲ್ಲಂತೂ ವಿಮಾನ ನಿಲ್ದಾಣವೇ ಇಲ್ಲ. ಕಲಿಯಬೇಕೆಂದರೆ ಘಟ್ಟ ಹತ್ತಬೇಕು: ಬೆಂಗಳೂರಿನ ಜಕ್ಕೂರಿನಲ್ಲಿ 1949ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಅಥವಾ ಮೈಸೂರು ಮೊದಲಾದ ಕಡೆಯ ಖಾಸಗಿ ಶಾಲೆಗಳು. ಹಾಗಾಗಿ ಹಾರುವ ಗಂಟೆಯ ಜೊತೆಗೆ ರೂಮಿನ ಬಾಡಿಗೆ, ಊಟ, ಮೋಡ ಕವಿದು ಸುಮ್ಮನೆ ಕೂರುವ ದಿನಗಳು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೋಡ ಹೇಗೆ ಲೆಕ್ಕ ಕೆಡಿಸುತ್ತದೆ ಎಂದು ಹುಡುಗ ಕೇಳಿದ. ಕಣ್ಣಿನಿಂದ ನೋಡಿಕೊಂಡು ಹಾರುವವರಿಗೆ ಸಾಮಾನ್ಯವಾಗಿ ಐದು ಕಿಲೋಮೀಟರಾದರೂ ದೂರ ಕಾಣಬೇಕು. ಮಲ್ಪೆಯ ದಡದಿಂದ ಸೇಂಟ್ ಮೇರೀಸ್ ದ್ವೀಪ ಸುಮಾರು ಆರು ಕಿಲೋಮೀಟರ್. ಆಟಿ ತಿಂಗಳ ಮಳೆಯಲ್ಲಿ ಮಲ್ಪೆಗೆ ಹೋಗಿ ನಿಂತು ನೋಡು, ದ್ವೀಪ ಕಾಣದಿದ್ದರೆ ಅಂಥ ದಿನ ವಿದ್ಯಾರ್ಥಿಯ ವಿಮಾನ ಶೆಡ್ಡಿನಲ್ಲೇ ಇರುತ್ತದೆ ಎಂದೆ. ವಿಮಾನ ಸ್ಪೋರ್ಟಿನದೋ ಪ್ರೈವೇಟಿನದೋ ಎಂದು ಮಳೆ ಕೇಳುವುದಿಲ್ಲ.

"ಮಣಿಪಾಲದಲ್ಲಿ ಏರೋನಾಟಿಕಲ್ ಮಾಡಿದರೆ ಪೈಲಟ್ ಆದ ಹಾಗೆಯೇ"

ಈ ತಪ್ಪನ್ನು ಕಾರ್ಕಳದಲ್ಲಿ, ಉಡುಪಿಯಲ್ಲಿ ಪ್ರತಿ ವರ್ಷ ಸಿಇಟಿ ಹೊತ್ತಿಗೆ ಕೇಳುತ್ತೇನೆ. ಎಂಐಟಿಯಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್ ಇದೆ, ಒಳ್ಳೆಯ ಕೋರ್ಸು. ರೆಕ್ಕೆ ಯಾಕೆ ಎತ್ತುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಡಿಗ್ರಿಯ ಕೊನೆಗೆ ಲಾಗ್‌ಬುಕ್ಕಿನಲ್ಲಿ ಒಂದು ಗಂಟೆಯೂ ಬಿದ್ದಿರುವುದಿಲ್ಲ. ಪೈಲಟಿಗೆ ಬೇಕಾದದ್ದು ಆ ಲಾಗ್‌ಬುಕ್ಕು.

ಸಂಬಳಕ್ಕಾಗಿ ಹಾರಲು ಪಿಪಿಎಲ್ ಕೂಡ ಸಾಲದು. ಪಿಪಿಎಲ್ ಇರುವವರು ಗೆಳೆಯರನ್ನು ಕೂರಿಸಿಕೊಂಡು ಹಾರಬಹುದು, ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ. ಅದಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಕು: 18 ವರ್ಷ, 200 ಗಂಟೆ, ಕ್ಲಾಸ್ 1 ವೈದ್ಯಕೀಯ, ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ. ಕಾಮರ್ಸ್ ಓದಿದವರು ಕೇಂದ್ರದ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಆ ಎರಡು ವಿಷಯ ಬರೆದು ಮುಂದೆ ಹೋಗುವುದುಂಟು. ಪ್ರೈವೇಟಿಗೆ ಹಾರಿದ ಗಂಟೆಗಳು 200ರಲ್ಲೇ ಸೇರುತ್ತವೆ, ಹಾಗಾಗಿ ಪಿಪಿಎಲ್ ಖರ್ಚು ಹೊಳೆಗೆ ಹಾಕಿದಂತಲ್ಲ. ಲೈಟ್ ಸ್ಪೋರ್ಟ್ ವಿಮಾನದಲ್ಲಿ ಹಾರಿದ ಗಂಟೆ ಎಷ್ಟು ಸೇರುತ್ತದೆ ಎಂಬುದನ್ನು ದುಡ್ಡು ಕಟ್ಟುವ ಮೊದಲು ಶಾಲೆಯಿಂದ ಬರೆಸಿಕೊಳ್ಳಿ, ಬಾಯಿಮಾತು ಬೇಡ.

"ಸಣ್ಣ ವಿಮಾನ ಆಟಿಕೆ"

2019ರ ಮೇ ತಿಂಗಳಲ್ಲಿ ಮುಂಬೈಯ ಆರೋಹಿ ಪಂಡಿತ್ 'ಮಾಹಿ' ಎಂಬ ಸೈನಸ್ 912 ಲೈಟ್ ಸ್ಪೋರ್ಟ್ ವಿಮಾನದಲ್ಲಿ ಸ್ಕಾಟ್ಲೆಂಡಿನ ವಿಕ್‌ನಿಂದ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ದಾಟಿ ಕೆನಡಾದ ಇಕಾಲುಯಿಟ್‌ವರೆಗೆ ಒಬ್ಬಳೇ ಹಾರಿದಳು. ಅಟ್ಲಾಂಟಿಕ್ಕಿನ ಮೇಲೆ, ಒಂದೇ ಇಂಜಿನ್. ಆಟಿಕೆ ಎನ್ನುವವರಿಗೆ ಇಷ್ಟು ಸಾಕು. ನಮ್ಮ ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಹಾರುವ ವೈರಸ್ ವಿಮಾನವೂ ಆ ಸೈನಸ್ ತಯಾರಿಸಿದ ಪಿಪಿಸ್ಟ್ರೆಲ್ ಕಂಪೆನಿಯದೇ. ಖರ್ಚಿಲ್ಲದೆ ಮೊದಲ ರುಚಿ ನೋಡಲು ಎನ್‌ಸಿಸಿಗಿಂತ ಒಳ್ಳೆಯ ದಾರಿ ನಾನು ಕಾಣೆ.

ಸಣ್ಣದೋ ದೊಡ್ಡದೋ, ಶಿಸ್ತು ಒಂದೇ. ಜಕ್ಕೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾರುವ ಮುನ್ನ ಸೆಸ್ನಾದ ರೆಕ್ಕೆಯಡಿಯಿಂದ ಸಣ್ಣ ಪಾರದರ್ಶಕ ಲೋಟಕ್ಕೆ ಇಂಧನ ಬಸಿದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಏವ್‌ಗ್ಯಾಸ್ ಎಂಬ ಆ ಇಂಧನ ತಿಳಿನೀಲಿ. ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಲೋಟದ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಆ ನೀಲಿ ಎಣ್ಣೆ ಬಹುಕಾಲ ವಿದೇಶದಿಂದಲೇ ಬರುತ್ತಿತ್ತು. 2022ರಲ್ಲಷ್ಟೇ ಇಂಡಿಯನ್ ಆಯಿಲ್ ಗುಜರಾತಿನಲ್ಲಿ ತಯಾರಿಸತೊಡಗಿತು. ಗಂಟೆಯ ದರ ಯಾಕೆ ಅಷ್ಟು ಎಂಬುದಕ್ಕೆ ಅರ್ಧ ಉತ್ತರ ಆ ಲೋಟದಲ್ಲಿದೆ.

"ಕನ್ನಡಕ ಇದ್ದರೆ ಮುಗಿಯಿತು"

ಹುಡುಗನ ಮೂಗಿನ ಮೇಲೆ ಕನ್ನಡಕವಿತ್ತು, ಅವನ ನಿಜವಾದ ಭಯ ಅದೇ. ಮಿತಿಯೊಳಗಿನ ದೋಷ ಕನ್ನಡಕದಿಂದ ಸರಿಹೋಗುವುದಾದರೆ ತೊಂದರೆಯಿಲ್ಲ. ತೊಂದರೆ ಕೊಡುವುದು ಬಣ್ಣಗುರುಡು, ಅದು ಎಷ್ಟೋ ಮಂದಿಗೆ ತಮಗಿದೆ ಎಂದೇ ತಿಳಿದಿರುವುದಿಲ್ಲ. ಆದ್ದರಿಂದ ಸ್ಪೋರ್ಟೋ ಪ್ರೈವೇಟೋ ಎಂಬ ಚರ್ಚೆಗೂ ಮೊದಲು ಕೇಂದ್ರದ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ ಒಪ್ಪಿದ ವೈದ್ಯರ ಹತ್ತಿರ ಕ್ಲಾಸ್ 2 ಮಾಡಿಸಿ, ಕೆಲಸಕ್ಕೇ ಹೋಗುವ ಆಸೆಯಿದ್ದರೆ ಕ್ಲಾಸ್ 1 ಕೂಡ ಈಗಲೇ ಮಾಡಿಸಿ ಎಂದೆ. ಮೂವತ್ತು ಲಕ್ಷ ಸುರಿದ ಮೇಲೆ ಕಣ್ಣಿನ ಕಾರಣ ಹಿಂದಿರುಗಿದವನೊಬ್ಬ ನನಗೆ ಗೊತ್ತು.

ಫೋನಿನಲ್ಲಿ ಬಣ್ಣದ ಚುಕ್ಕೆಗಳ ಇಶಿಹಾರಾ ಚಿತ್ರ ತೆಗೆದು ಹುಡುಗನ ಮುಂದೆ ಹಿಡಿದೆ. "ಹನ್ನೆರಡು" ಎಂದ. ಮುಂದಿನದಕ್ಕೆ "ಎಂಟು". ಅಪ್ಪ ಪಕ್ಕದಿಂದ ಬಗ್ಗಿ ನೋಡಿ, "ಎಲ್ಲಿ ಉಂಟು ಮಾರಾಯ್ರೆ ಎಂಟು? ನನಗೆ ಮೂರು ಕಾಣ್ತದೆ" ಎಂದರು.