ನೋವು ಕೀಲಿನದೋ, ನರದ್ದೋ?

ಸ್ತನದ ಅಥವಾ ಅಂಡಾಶಯದ ಕ್ಯಾನ್ಸರಿಗಾಗಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧವನ್ನು ಡ್ರಿಪ್ಪಿನ ಮೂಲಕ ಪಡೆದು ಮನೆಗೆ ಮರಳಿದ ರೋಗಿ, ಆ ದಿನವನ್ನು ಹೆಚ್ಚಿನ ತೊಂದರೆಯಿಲ್ಲದೆ ಕಳೆದು, ಮರುದಿನವೋ ಅದರಾಚೆಯ ದಿನವೋ ಸೊಂಟ, ತೊಡೆ, ಮೊಣಕಾಲುಗಳನ್ನು ಹಿಂಡುವ ನೋವಿನಿಂದ ಹಾಸಿಗೆ ಹಿಡಿಯುವುದು ವೈದ್ಯರಿಗೆ ಚಿರಪರಿಚಿತವಾದ ಸಂಗತಿ. ವಾರದೊಳಗೆ ಅದು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ರೋಗಿ ಕೈಯಿಟ್ಟು ತೋರಿಸುವುದು ಸ್ನಾಯು ಸಂಧಿಗಳನ್ನೇ ಆದುದರಿಂದ ಬಹುಕಾಲ ಅದನ್ನು ಅವುಗಳ ವೇದನೆಯೆಂದೇ ಬರೆದುಕೊಳ್ಳುತ್ತಿದ್ದರು. ಆದರೆ ಸಂಧಿವಾತದಲ್ಲಿ ಕಾಣುವ ಬಾವಾಗಲಿ ಕೆಂಪಾಗಲಿ ಇಲ್ಲಿ ಸಾಮಾನ್ಯವಾಗಿ ಕಾಣದು.

ಈ ಔಷಧದ ಮೂಲ ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಬೆಳೆಯುವ ಯೂ ಮರದ ತೊಗಟೆ. 1962ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸಂಗ್ರಹಿಸಿದ ತೊಗಟೆಯ ಸಾರವನ್ನು ಶೋಧಿಸಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾನಿ. ಅದು ಕೆಲಸಮಾಡುವ ಬಗೆಯನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ಬಿಡಿಸಿ ತೋರಿದರು. ಜೀವಕೋಶವು ಎರಡಾಗಬೇಕಾದರೆ ಅದರೊಳಗಿನ ಸೂಕ್ಷ್ಮನಾಳಿಕೆಗಳು ಸಕಾಲದಲ್ಲಿ ಕಟ್ಟಿಕೊಳ್ಳಬೇಕು, ಸಕಾಲದಲ್ಲಿ ಬಿಚ್ಚಿಕೊಳ್ಳಬೇಕು. ಈ ಔಷಧವಾದರೋ ಅವುಗಳನ್ನು ಬಿಚ್ಚಿಕೊಳ್ಳಗೊಡದೆ ಬಿಗಿದುಬಿಡುವುದರಿಂದ ವಿಭಜನೆ ನಡುವೆಯೇ ಸ್ತಂಭಿಸಿ ಕೋಶವು ಅಳಿಯುತ್ತದೆ.

ನರಕೋಶ ವಿಭಜನೆಗೊಳ್ಳುವುದಿಲ್ಲವೆಂಬುದು ನಿಜ. ಆದರೂ ಬೆನ್ನುಹುರಿಯ ಪಕ್ಕದ ನರಗಂಟುಗಳಿಂದ ಹೊರಟು ಪಾದದ ತುದಿಯವರೆಗೆ ಚಾಚಿದ ಅದರ ತಂತುವಿನಲ್ಲಿ ಪೋಷಕಸಾಮಗ್ರಿ ಸಾಗುವುದು ಇದೇ ನಾಳಿಕೆಗಳ ಹಳಿಯ ಮೇಲೆ. ಮಿದುಳನ್ನು ರಕ್ತದ ವಿಷಗಳಿಂದ ಕಾಯುವ ತಡೆಯಂಥದು ಈ ನರಗಂಟುಗಳಿಗೆ ಇಲ್ಲ. ಮೇಯೋ ಕ್ಲಿನಿಕ್ಕಿನ ಚಾರ್ಲ್ಸ್ ಲೊಪ್ರಿಂಜಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸರದಿಯಲ್ಲೇ ನೋವನ್ನು ತೀವ್ರವಾಗಿ ಅನುಭವಿಸಿದವರಿಗೆ ಮುಂದೆ ಕೈಕಾಲು ಜೋಮು ಹಿಡಿಯುವ ನರಬಾಧೆಯೂ ಹೆಚ್ಚಾಗಿ ಕಂಡುಬಂದಿತು. ವೇದನೆಯ ಬೇರು ನರದಲ್ಲಿದೆ ಎಂಬ ಅವರ ಊಹೆ ನನಗೆ ಯುಕ್ತವೆನಿಸುತ್ತದೆ, ಸ್ನಾಯುವಿಗೆ ಇದರಲ್ಲಿ ಪಾಲೇ ಇಲ್ಲವೆನ್ನುವುದು ದುಡುಕಾದರೂ. ಆದುದರಿಂದ ಈ ನೋವನ್ನು ಬರಿಯ ಮೈಕೈ ನೋವೆಂದು ನುಂಗಿಕೊಳ್ಳದೆ, ಬೆರಳುಗಳಲ್ಲಿ ಜೋಮುಂಟೇ ಎಂಬುದನ್ನೂ ಸೇರಿಸಿ ವೈದ್ಯರಿಗೆ ಹೇಳುವುದು ಲೇಸು. ಅವರು ಔಷಧದ ಪ್ರಮಾಣವನ್ನೋ ಅಂತರವನ್ನೋ ಬದಲಿಸಬಹುದು.

ಇದೇ ಚಿಕಿತ್ಸೆಯ ನಡುವೆ ಬಿಳಿರಕ್ತಕಣಗಳನ್ನು ಹೆಚ್ಚಿಸಲು ಕೊಡುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದಿನಿಂದ ಬರುವ ಮೂಳೆನೋವು ಬೇರೆಯೇ. ಅದು ಅಸ್ಥಿಮಜ್ಜೆ ಬಿರುಸಾಗಿ ದುಡಿಯತೊಡಗಿದುದರ ಫಲ. ನೋವು ಯಾವುದೇ ಇರಲಿ, ಮಾತ್ರೆಯನ್ನು ತಾವೇ ತಂದು ನುಂಗತಕ್ಕದ್ದಲ್ಲ: ಪ್ಲೇಟ್‌ಲೆಟ್ ಕುಗ್ಗಿದ ವೇಳೆಯಲ್ಲಿ ಐಬುಪ್ರೊಫೆನ್ ರಕ್ತಸ್ರಾವಕ್ಕೆ ಎಡೆಮಾಡಬಹುದು, ಪ್ಯಾರಾಸಿಟಮಾಲ್ ಜ್ವರವನ್ನು ಮರೆಮಾಡೀತು, ಬಿಳಿಕಣಗಳು ತಗ್ಗಿದವರಿಗೆ ಬರುವ ಜ್ವರವಾದರೋ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಬೇಕಾದಂಥದು.